ಪೂಜೆಯಿಂದ ಏಳಿಸುವವರು

ನಾಗಲಕ್ಷ್ಮಿ ಮೈಸೂರಿನಲ್ಲಿ ಎರಡು ವರ್ಷ ಇದ್ದು, ವಯಸ್ಸಾದವರ ಆರೈಕೆಯನ್ನೇ ಓದಿ ಪಾಸಾಗಿ ಬಂದಿದ್ದಳು. ಆದರೂ ಗುಂಡ್ಲುಪೇಟೆಯ ಸುತ್ತಿನ ಜನಕ್ಕೆ ಅವಳು ಇಂಜೆಕ್ಷನ್ ಸಿಸ್ಟರೇ. ಸೂಜಿ ಚುಚ್ಚದೆ ಬರೀ ಮಾತಾಡಿಸಿ ಹೋದರೆ ಮುಖ ಊದಿಸಿಕೊಳ್ಳುವ ಮುದುಕಿಯರೂ ಇದ್ದರು. ಐವತ್ತರ ಹತ್ತಿರದ ಒಂಟಿ ಹೆಂಗಸಾದ ಅವಳಿಗೂ ಆ ಮಾತೇ ದಿನದ ಮಾತು. ಬಾಡಿಗೆ ಕೋಣೆಗೆ ಮರಳಿದರೆ ಗೋಡೆಗಳಷ್ಟೇ.

ಭೀಮನಬೀಡಿನ ವೃಷಭೇಂದ್ರಪ್ಪನವರು ಒಂದೇ ತಿಂಗಳಲ್ಲಿ ಮೂರು ಸಲ ತಲೆ ಸುತ್ತಿ ಬಿದ್ದಿದ್ದರು. ಸಕ್ಕರೆ ಕಾಯಿಲೆ ಹಳೆಯದು. ಮಗನೂ ಸೊಸೆಯೂ ಮೇಷ್ಟರು, ಏಳಕ್ಕೆಲ್ಲ ಚಾಮರಾಜನಗರದ ಬಸ್ಸು ಹಿಡಿಯುವವರು. ಮಾತ್ರೆ ತಪ್ಪುತ್ತಿದೆಯೇ ಎಂದು ನಾಗಲಕ್ಷ್ಮಿ ಕೇಳಿದ್ದಕ್ಕೆ, ಆರಕ್ಕೇ ಮಾವನ ಕೈಗೆ ಮಾತ್ರೆ ಕೊಟ್ಟು, ನುಂಗಿದ್ದನ್ನು ನೋಡಿಯೇ ಹೊರಡುತ್ತೇನೆಂದು ಸೊಸೆ ಆಣೆ ಮಾಡಿದಳು. ಇನ್ನೊಂದು ಸಲ ಬಿದ್ದರೆ ಸೊಂಟ ಮುರಿದು ಮುದುಕರು ಹಾಸಿಗೆ ಹಿಡಿಯುತ್ತಾರೆಂದು ಅವಳಿಗೆ ದಿಗಿಲು. ಒಂದು ಬೆಳಿಗ್ಗೆ ಒಂಬತ್ತಕ್ಕೆ ಮನೆಗೇ ಹೋದಳು.

ಅವರು ಎಡ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದರು. ಕೈ ನಡುಗುತ್ತಿತ್ತು, ಹಣೆ ಬೆವೆತಿತ್ತು. ಅಡುಗೆಮನೆಯಲ್ಲಿ ಮುಚ್ಚಿಟ್ಟ ರೊಟ್ಟಿ ಹಾಗೇ ಇತ್ತು. ಆರಕ್ಕೆ ಮಾತ್ರೆ, ಒಂಬತ್ತಾದರೂ ಖಾಲಿ ಹೊಟ್ಟೆ. ಸಕ್ಕರೆ ಇಳಿದು ಬೀಳದೆ ಇನ್ನೇನಾದಾರು? ಪೂಜೆ ನಿಲ್ಲಿಸಿ ಎಂದರೆ ಕೇಳುವ ಜೀವವಲ್ಲ ಅದು. ಬೆಲ್ಲದ ಡಬ್ಬಿ ಹುಡುಕಿ, ಪುಡಿ ಮಾಡಿ, ಬಟ್ಟಲನ್ನು ಅವರ ಮುಂದಿಟ್ಟಳು.

"ಲಿಂಗಕ್ಕೆ ಅರ್ಪಿಸಿ ಅಪ್ಪಾಜಿ. ಆಮೇಲೆ ಪ್ರಸಾದ ತಗೊಳ್ಳಿ."

ಅದಕ್ಕೆ ಅವರಿಗೆ ಇಲ್ಲವೆನ್ನಲಾಗಲಿಲ್ಲ. ಕಾಲು ಗಂಟೆಯಲ್ಲಿ ಬೆವರು ಆರಿತು. ಇಷ್ಟು ಹೊತ್ತು ಯಾಕೆ ಕೂರುತ್ತೀರಿ ಎಂದು ಅವಳು ಮೆಲ್ಲಗೆ ಕೇಳಿದಳು. ಹೋದ ವರ್ಷ ತೀರಿಕೊಂಡ ಹೆಂಡತಿ ಪುಟ್ಟಮಲ್ಲಮ್ಮನ ಹೆಸರು ಬಾಯಿಗೆ ಬರುತ್ತಲೇ ಅವರ ಕಣ್ಣು ತುಂಬಿತು.

"ಅವ್ಳಿದ್ದಾಗ, ಸಾಕು ಏಳಿ, ರೊಟ್ಟಿ ಆರೋಯ್ತದೆ ಅಂತ ಒಲೆ ಮುಂದ್ಲಿಂದ ಕೂಗೋಳು ಕಣವ್ವ. ಈಗ ಯಾರೂ ಕೂಗಲ್ಲ. ಎದ್ದು ಎಲ್ಲಿಗ್ ಓಗ್ಲಿ?"

ತಟ್ಟೆ ಮುಂದೆ ಬಂದಮೇಲೆಯೇ ಮಾತ್ರೆ ಎಂದು ಡಾಕ್ಟರನ್ನು ಒಪ್ಪಿಸಿ ಮಾತ್ರೆ ಚೀಟಿ ಬದಲಿಸಿ ಬರೆಸಿದಳು. ಕೂಗುವವರನ್ನು ಯಾವ ಚೀಟಿಯಲ್ಲಿ ಬರೆಯುವುದು? ಆ ಕೆಲಸವನ್ನು ತಾನೇ ತಲೆಗೆ ಕಟ್ಟಿಕೊಂಡಳು. ದಿನಾ ಏಳೂವರೆಗೆ ತನ್ನ ಮೊಬೈಲಿನಿಂದ ಅವರ ಮನೆಗೆ ಫೋನು. ಅದು ಬಡಿದುಕೊಳ್ಳುತ್ತಿದ್ದರೆ ಮುದುಕರು ಲಿಂಗವನ್ನು ಕೊರಳಿಗೆ ಕಟ್ಟಿಕೊಂಡು ಬಂದು ಎತ್ತುವರು. ಏಳಿ, ರೊಟ್ಟಿ ಆರುತ್ತೆ ಎನ್ನುವಳು. ಮೂರು ತಿಂಗಳು ಅವರು ಒಮ್ಮೆಯೂ ಬೀಳಲಿಲ್ಲ.

ಒಂದು ದಿನ ಅವರು ಫೋನು ಇಡಲಿಲ್ಲ.

"ನಿಂದಾಯ್ತಾ ಅವ್ವ? ನಿನ್ನ ಯಾರ್ ಕೂಗ್ತಾರೆ?"

ತನ್ನದು ಆಯಿತೆಂದಳು. ಸ್ಟವ್ ಇನ್ನೂ ಹಚ್ಚಿರಲಿಲ್ಲ. ಫೋನಿಟ್ಟು ಮಂಚದ ಮೇಲೆ ಹಾಗೇ ಕೂತಳು, ತುಂಬಾ ಹೊತ್ತು. ಏಳು ಎನ್ನುವವರು ಯಾರೂ ಇರಲಿಲ್ಲ.