ಪಯಣಿಗರ ನೀಲಿ

ಗುಳ್ಳೆ — ಮೂರನೇ ಅಚ್ಚಿನಲ್ಲಿ ಕವುಚಿ ಮಲಗಿರುವ ದರ್ಜಿ ಗಿರ್ಗಿಸನ ಫೋಟೋದಲ್ಲಿ ಕಿವಿಯ ಪಕ್ಕದಿಂದ ಒಂದು ಗುಳ್ಳೆ ಎದ್ದು ಬರುತ್ತಿದೆ, ನಿಧಾನಕ್ಕೆ, ಅವನು ಬದುಕಿದ್ದಾಗ ಚರ್ಚಿನ ಮೆಟ್ಟಿಲು ಹತ್ತುತ್ತಿದ್ದ ಹಾಗೆ, ನಿಂತು ನಿಂತು, ಫಿಬ್ರೋನಿಯಾ ಹಲ್ಲುಕಡ್ಡಿಯ ತುದಿಯಿಂದ ಅದನ್ನು ಒಡೆದಳು, ಲೈಟರಿನ ಉರಿಯನ್ನು ಗಾಜಿನ ಹಾಗೆ ಗಟ್ಟಿಯಾಗುವ ರೆಸಿನ್ನಿನ ಮೇಲೆ ಒಮ್ಮೆ ಆಡಿಸಿದಳು, ಸರಿ, ಇನ್ನು ಗಿರ್ಗಿಸನ ಮುಖ ಶುಭ್ರ, ಕ್ರಿಸ್ಮಸ್ ಹಬ್ಬದ ದಿನ ಅವನ ಹೆಂಡತಿ ಚರ್ಚಿನ ಮರದಲ್ಲಿ ಹುಡುಕಿ ಹುಡುಕಿ ಮುತ್ತು ಕೊಡುತ್ತಾಳೆ, ಕೊಡಲಿ, ಬದುಕಿದ್ದಾಗ ಕೊಟ್ಟದ್ದನ್ನು ಮಲ್ಲವಿ ಊರಿನಲ್ಲಿ ಯಾರೂ ಕಂಡಿಲ್ಲ. ಕಿಟಕಿಯ ಕೆಳಗೆ ಕಬ್ಬಿನ ಗಾಡಿ ಹೋಗುತ್ತಿದೆ, ಮೇಜು ನಡುಗುತ್ತದೆ, ಅಚ್ಚುಗಳು ನಡುಗುತ್ತವೆ, ನಿಲ್ಲುತ್ತವೆ. ಚಳಿಗೆ ರೆಸಿನ್ ಹಳೆಯ ಜೇನಿನ ಹಾಗೆ ಬಿಗಿದುಕೊಳ್ಳುತ್ತದೆ, ಬಾಟಲಿಗಳನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಬೇಕು, ಎರಡು ಪಾಲು ಇದು, ಒಂದು ಪಾಲು ಅದು, ಅಳತೆ ತಪ್ಪಿದರೆ ಜನ್ಮದಲ್ಲಿ ಒಣಗುವುದಿಲ್ಲ, ಮುಟ್ಟಿದವರ ಬೆರಳಿಗೆಲ್ಲ ಅಂಟಿಕೊಂಡೇ ಇರುತ್ತದೆ — ನಿನ್ನೆ ತಿಳಿ ಪದರ, ಇವತ್ತು ಅದರ ಮೇಲೆ ಕವುಚಿ ಮಲಗಿಸಿದ ಚಿತ್ರಗಳು, ಚಿತ್ರದ ಬೆನ್ನಿಗೆ ಇನ್ನೊಂದಿಷ್ಟು ತಿಳಿ, ಕಾಲು ಗಂಟೆ ಬಿಟ್ಟು ಬಣ್ಣ. ಕೆಂಪು ಊರಲ್ಲಿರುವವರಿಗೆ, ನೀಲಿ ಪಯಣದಲ್ಲಿರುವವರಿಗೆ, ಬಿಳಿ ಅಗಲಿದವರಿಗೆ. ಇದು ಅಬೂನಾ ಸರಬಾಮೋನರ ಯೋಚನೆ, ಹೊಸ ಪಾದ್ರಿ, ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಈ ಸಲ ಮರದ ಮೇಲೆ ಬರೀ ಚೆಂಡು ಬೇಡ ಫಿಬ್ರೋನಿಯಾ, ನಮ್ಮ ಜನಾನೇ ತೂಗಲಿ, ಬಲಿಪೂಜೇಲಿ ಹೆಸರು ಹಿಡಿದು ಕರೀತೀವಲ್ಲ ಹಾಗೆ, ಯಾರು ಎಲ್ಲಿದ್ದಾರೆ ಅಂತ ದೂರದಿಂದಲೇ ಗೊತ್ತಾಗಬೇಕು. ದೂರದಿಂದ ಗೊತ್ತಾಗಬೇಕಂತೆ. ಹತ್ತಿರದಲ್ಲಿರುವವರಿಗೇ ಗೊತ್ತಿಲ್ಲ.

ಎಲ್ಲ ಮುಗಿದವು, ಕೆಂಪಿನವರಿಗೆ ಕೆಂಪು ಬಿತ್ತು, ಕುವೈತಿನಲ್ಲಿರುವ ಹುಡುಗರಿಗೆ ನೀಲಿ ಬಿತ್ತು, ಈಗ ಗಿರ್ಗಿಸನಿಗೆ ಬಿಳಿ, ಸುರಿದಳು, ಅದು ತಾನೇ ಹರಡಿ ಮಟ್ಟವಾಗುತ್ತದೆ, ರೆಸಿನ್ನಿನ ದೊಡ್ಡ ಗುಣ ಅದು, ಯಾರೂ ಸಮ ಮಾಡಬೇಕಾಗಿಲ್ಲ. ಉಳಿದದ್ದು ಒಂದೇ ಅಚ್ಚು. ಅದರಲ್ಲಿ ಲಬೀಬ್, ಅವಳ ಗಂಡ, ಕವುಚಿ ಬಿದ್ದಿದ್ದಾನೆ, ಬೆನ್ನ ಮೇಲಿನ ತಿಳಿ ಈಗಷ್ಟೇ ಹಾಕಿದ್ದು. ಎಡಗಡೆ ನೀಲಿ ಬಟ್ಟಲು, ಬಲಗಡೆ ಬಿಳಿ ಬಟ್ಟಲು, ಎರಡರಲ್ಲೂ ಒಂದೊಂದು ಬಿಲ್ಲೆಗೆ ಆಗುವಷ್ಟು ಉಳಿಸಿಕೊಂಡಿದ್ದಾಳೆ, ಎರಡೂ ಬೆಚ್ಚಗಾಗುತ್ತಿವೆ, ಇನ್ನು ಇಪ್ಪತ್ತು ನಿಮಿಷ ತಡೆದರೆ ಎರಡೂ ಬಟ್ಟಲಲ್ಲೇ ಕಲ್ಲಾಗುತ್ತವೆ. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಈ ಮನೆಯಿಂದ ಚರ್ಚಿನಲ್ಲಿ ಹೆಸರು ಓದುವ ಪಯಣಿಗರ ಬಿನ್ನಹಕ್ಕೆ ಒಂದು ಚೀಟಿ ಹೋಗುತ್ತದೆ, ಲಬೀಬ್ ಅಂತ ಒಂದೇ ಹೆಸರು, ಕೈರೋಗೆ ಕಣ್ಣು ತೋರಿಸಲು ಹೋದ ಮುದುಕಿಯೂ ಒಂದು ವಾರ ಪಯಣದಲ್ಲಿರುವವಳೇ, ಹೋಗುತ್ತಾಳೆ, ಬರುತ್ತಾಳೆ, ಚೀಟಿಯಿಂದ ಇಳಿಯುತ್ತಾಳೆ, ಲಬೀಬ್ ಮಾತ್ರ ಇಳಿಯುವುದಿಲ್ಲ. ಗಾರೆ ಕೆಲಸಕ್ಕೆಂದು ಗಡಿಯಾಚೆಯ ಬೆಂಗಾಜಿಗೆ ಹೋದ, ಎರಡು ಸಾವಿರದ ಹದಿನಾಲ್ಕನೇ ಇಸವಿಯ ಅಕ್ಟೋಬರಿನಲ್ಲಿ ಕೊನೆಯ ಫೋನು, ಹಿಂದೆ ಯಾರೋ ಮೇಸ್ತ್ರಿ ಕೂಗುತ್ತಿದ್ದ, ಇಡ್ತೀನಿ ಕಣೇ ಸುಣ್ಣ ಒಣಗ್ತಾ ಇದೆ ಅಂದ, ಇಟ್ಟ. ಆಮೇಲೆ ಅಲ್ಲಿ ಗುಂಡು, ಬೆಂಕಿ, ಕೆಲವರು ಬಂದರು, ಕೆಲವರ ಸುದ್ದಿ ಬಂತು, ಇವನದು ಎರಡೂ ಇಲ್ಲ. ಮೊದಮೊದಲು ಅತ್ತಳು. ಆಮೇಲೆ ಅಳುವುದು ಯಾವ ಲೆಕ್ಕಕ್ಕೆ ಎಂದು ತಿಳಿಯದೆ ಬಿಟ್ಟಳು, ವಿಧವೆಯ ಅಳುವೇ, ಕಾಯುವವಳ ಅಳುವೇ, ಎರಡಕ್ಕೂ ಬೇರೆ ಬೇರೆ ರಾಗವಿದೆ ಈ ಊರಿನಲ್ಲಿ.

ಬೇಸಿಗೆಯಲ್ಲಿ ಮೈದುನ ಹಲೀಮ್ ಕೋರ್ಟಿನಿಂದ ಕಾಗದ ತಂದ, ಹೊಲ ಪಾಲು ಮಾಡಿಕೊಳ್ಳಲು ಅವನಿಗೆ ಅದು ಬೇಕಿತ್ತು, ಕಾಣೆಯಾದವನು ಸತ್ತಂತೆ ಎಂದು ಬರೆದಿದೆ, ಕೆಳಗೆ ಹದ್ದಿನ ಮುದ್ರೆ. ಸರ್ಕಾರದ ಪಾಲಿಗೆ ಲಬೀಬ್ ಸತ್ತಿದ್ದಾನೆ. ಅಬೂನಾ ಅದನ್ನು ಓದಿ, ಮಡಿಸಿ, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿದರು, ಕಾಗದ ಕಾಗದವೇ ಮಗಳೆ, ನಾನು ಇಲ್ಲ ಅನ್ನಲ್ಲ, ಆದ್ರೆ ಅವನ ಹೆಸರು ಅಗಲಿದವರ ಚೀಟಿಗೆ ನಿನ್ನ ಕೈಯಿಂದ ಬರಬೇಕು, ಬಂದ ದಿನ ನೀನು ವಿಧವೆ, ವಿಧವೆಗೆ ಮದುವೆ ಮಾಡ್ಸೋಕೆ ನನಗೇನೂ ಅಡ್ಡಿ ಇಲ್ಲ. ಮದುವೆ ಎಂಬ ಮಾತನ್ನು ಅವಳು ಎತ್ತಿಯೇ ಇರಲಿಲ್ಲ. ಊರಿಗೇ ಗೊತ್ತು. ಪಂಪು ರಿಪೇರಿಯ ನಾಶಿದ್, ಹೆಂಡತಿ ತೀರಿ ಆರು ವರ್ಷ, ಕೈರೋಗೆ ಹೋದಾಗಲೆಲ್ಲ ರೆಸಿನ್ ಬಾಟಲಿ, ಬಣ್ಣ, ರಬ್ಬರ್ ಅಚ್ಚು ಹೊತ್ತು ತರುವ ಮನುಷ್ಯ, ಬಾಗಿಲ ಹೊರಗೇ ನಿಂತು ಕೊಟ್ಟು, ಒಳಗೆ ಬಾ ಎಂದರೆ ಎಣ್ಣೆ ಕಾಲು ಎನ್ನುತ್ತಾನೆ. ಹೋದ ತಿಂಗಳು ಒಂದೇ ಸಲ ಬಾಯಿಬಿಟ್ಟ, ನಂಗೇನೂ ಅವಸರ ಇಲ್ಲ ಫಿಬ್ರೋನಿಯಾ, ಆದ್ರೆ ನಂಗೂ ಐವತ್ತೆರಡು. ಅವಳಿಗೆ ನಗು ಬಂತು, ಬಹಳ ದಿನದ ಮೇಲೆ ಬಂದ ನಗು, ಮೆಟ್ಟಿಲ ಮೇಲೆ ಬಾಟಲಿ ಹಿಡಿದು ನಿಂತು ನಕ್ಕಳು, ಅವನೂ ನಕ್ಕ, ಅವನ ಮುಂದಿನ ಒಂದು ಹಲ್ಲು ಮುರಿದಿದೆ ಎಂದು ಅವತ್ತೇ ಕಂಡದ್ದು. ನಲವತ್ತಮೂರು ಅವಳಿಗೆ. ಆಸೆ ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಈ ಬಲಗಡೆಯ ಬಟ್ಟಲು ಬಗ್ಗಿಸಿದರೆ ಇಡೀ ಮಲ್ಲವಿ ಹಬ್ಬದ ದಿನ ಮರದ ಮೇಲೆ ಓದಿಕೊಳ್ಳುತ್ತದೆ, ಬಾಯಿಬಿಟ್ಟು ಯಾರಿಗೂ ಹೇಳಬೇಕಾಗಿಲ್ಲ — ಅಷ್ಟೇ ತಾನೇ, ಬಗ್ಗಿಸುವುದು, ಆದರೆ ಎಲ್ಲೋ ಒಂದು ಜೈಲಿನಲ್ಲಿ, ಎಲ್ಲೋ ಒಂದು ಆಸ್ಪತ್ರೆಯಲ್ಲಿ, ಹೆಸರು ಮರೆತು, ಕಾಲು ಮುರಿದು, ಇವಳು ಕಾಯುತ್ತಾಳೆ ಎಂದುಕೊಂಡು ಒಬ್ಬ ಕೂತಿದ್ದರೆ. ಆ ಒಬ್ಬನಿಗಾಗಿ ಹನ್ನೊಂದು ವರ್ಷ ಕೈ ಪಯಣಿಗರ ಚೀಟಿಗೇ ಹೋಗಿದೆ, ಈಗಲೂ ಎಡಗಡೆಯ ನೀಲಿಗೇ ಹೋಗುತ್ತಿದೆ.

ಫಿಬ್ರೋನಿಯಾ, ಎಂದು ಒಳಕೋಣೆಯಿಂದ ಅತ್ತೆ ಗಲೀಲಾ ಕೂಗಿದಳು, ಏನು ಮಾಡ್ತಾ ಇದೀಯೆ, ಆ ಘಾಟಿಗೆ ನನ್ನ ಉಸಿರು ಕಟ್ಟುತ್ತೆ, ಉಪವಾಸ ಅಂತ ಹಾಲು ಮೊಸರು ಬಿಡಿಸಿದ್ದಾಯ್ತು, ಇನ್ನು ಗಾಳೀನೂ ಬಿಡಿಸ್ತೀಯಾ. ಕಿಟಕಿ ತೆಗ್ದಿದೀನಿ ಅತ್ತೆ. ತೆಗೆದ್ರೆ ಚಳಿ, ಮುಚ್ಚಿದ್ರೆ ಘಾಟು, ನನ್ನ ಮಗ ಇದ್ದಿದ್ರೆ ಈ ಗತಿ ಬರ್ತಿತ್ತಾ. ಮಗ ಇದ್ದಿದ್ದರೆ ಎನ್ನುತ್ತಾಳೆ, ಇದ್ದಾನೆ ಎನ್ನುತ್ತಾಳೆ, ಸತ್ತ ಎಂದರೆ ಮಾತ್ರ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ, ಕೋರ್ಟಿನ ಕಾಗದ ತಂದ ದಿನ ಹಲೀಮನ ಮೇಲೆ ಚಪ್ಪಲಿ ಹೋಯಿತು. ಊದಿಕೊಂಡ ಕಾಲು ಅವಳದು, ದಿನಾ ಬೆಳಿಗ್ಗೆ ಫಿಬ್ರೋನಿಯಾ ಉಪ್ಪುನೀರಿನಲ್ಲಿ ತೊಳೆದು ಒರೆಸುತ್ತಾಳೆ, ಬೆರಳ ಸಂದಿಯನ್ನೂ. ತಾಯಿಯ ಕರುಳು, ಏನು ಹೇಳುವುದು. ಈ ಚಿತ್ರವೂ ಅವಳದೇ, ಪ್ರಾರ್ಥನೆ ಪುಸ್ತಕದ ರಟ್ಟಿನ ಒಳಗೆ ಹಿಟ್ಟಿನ ಅಂಟು ಹಾಕಿ ಅಂಟಿಸಿಟ್ಟಿದ್ದಳು, ಗೋಡೆಗೆ ಸುಣ್ಣ ಹೊಡೆಸಿದಾಗ ಹಳೆ ಪೆಟ್ಟಿಗೇಲಿ ಸಿಕ್ತು ಕಣೇ, ಹೋಗೋ ಮುಂಚೆ ತೆಗೆಸಿದ್ದು ಅಂದಿದ್ದಳು. ಇದನ್ನ ಕೀಳ್ಬೇಡ, ಮೊಬೈಲಲ್ಲಿ ಹಿಡ್ಕೊಂಡು ಬೇರೆ ಮಾಡಿಸ್ಕೋ ಅಂತಲೂ ಹೇಳಿದ್ದಳು. ಹಿಡಿದದ್ದು ಮಸುಕಾಗಿ ಬಂತು, ಮದುವೆಯ ಫೋಟೋದಲ್ಲಿ ಕಣ್ಣು ಮುಚ್ಚಿದ್ದಾನೆ, ಅದಕ್ಕೇ ಮಧ್ಯಾಹ್ನ ಮುದುಕಿ ತೂಕಡಿಸುವಾಗ ಕೆಟಲಿನ ಆವಿಗೆ ಹಿಡಿದು ಮೆಲ್ಲಗೆ ಎಬ್ಬಿಸಿದಳು, ಒಳ್ಳೆಯ ಸ್ಟುಡಿಯೋ ಫೋಟೋ, ಎದ್ದು ಬಂತು, ಜೊತೆಗೆ ರಟ್ಟಿನ ಬಿಳಿ ಕಾಗದದ ಒಂದು ಪದರವೂ ಬೆನ್ನಿಗೆ ಅಂಟಿಕೊಂಡೇ ಬಂತು. ಇರಲಿ ಎಂದುಕೊಂಡಳು. ಸ್ಟುಡಿಯೋ ಫೋಟೋ ರೆಸಿನ್ ಕುಡಿಯುವುದಿಲ್ಲ, ಉಳಿದವರ ಕಾಗದದ ಚಿತ್ರಗಳಿಗೆಲ್ಲ ಅದು ಇಳಿಯದ ಹಾಗೆ ಹಿಂದೆ ಮುಂದೆ ಎರಡೆರಡು ಸಲ ಅಂಟು ಬಳಿದವಳು ಇವನಿಗೆ ಬಳಿಯಲಿಲ್ಲ, ಆ ಕಾಗದದ ಪದರ ಕುಡಿಯುತ್ತದೆ ಎಂಬುದು ಹೊಳೆಯಲಿಲ್ಲ, ಈಗ ಕುಡಿಯುತ್ತಿದೆ.

ಕಾಗದ ಬಿಳಿ ಬಿಡುತ್ತಿದೆ. ಅಂಚಿನಿಂದ ಶುರುವಾಯಿತು, ಕಾಳು ರುಬ್ಬಿ ಕರಿದ ಉಂಡೆ ಸುತ್ತಿಕೊಟ್ಟ ಪತ್ರಿಕೆ ಎಣ್ಣೆ ಹೀರಿದ ಹಾಗೆ, ಒಂದು ಕಡೆಯ ಅಕ್ಷರ ಇನ್ನೊಂದು ಕಡೆಗೆ ಕಾಣುವ ಹಾಗೆ — ಕೆಳಗೆ ನೀಲಿ ಏನೋ ಇದೆ, ಶಾಯಿ, ಗೆರೆ, ಸ್ಟುಡಿಯೋದವನ ನಂಬರು ಇರಬೇಕು, ಕಡ್ಡಿಯಿಂದ ಒತ್ತಿದಳು, ನಂಬರಲ್ಲ. ಅಮ್ಮನಿಗೆ, ಎಂದು ಕಾಣಿಸಿತು. ಅವನ ಕೈ. ಪೆನ್ನನ್ನು ಕಾಗದ ತೂತಾಗುವಷ್ಟು ಒತ್ತುತ್ತಿದ್ದ, ಚುಕ್ಕಿ ಇಡುವಲ್ಲೆಲ್ಲ ಗೆರೆ ಎಳೆಯುತ್ತಿದ್ದ, ಅವನ ಕೈಯೇ, ಅಮ್ಮನಿಗೆ ಎಂದು ಬರೆದು ಹೋಗಿದ್ದಾನೆ ಪಾಪ ಅಂದುಕೊಳ್ಳುವಷ್ಟರಲ್ಲಿ ಕಾಗದ ಇನ್ನೊಂದು ಬೆರಳಗಲ ತಿಳಿಯಾಯಿತು, ಪುನರುತ್ಥಾನದ ಹಬ್ಬ, ಎರಡು ಸಾವಿರದ ಹತ್ತೊಂಬತ್ತು. ಹತ್ತೊಂಬತ್ತು. ಹದಿನಾಲ್ಕಾದ ಮೇಲೆ ಹದಿನೈದು, ಹದಿನಾರು, ಹದಿನೇಳು, ಹದಿನೆಂಟು, ಮಗುವಿನ ಹಾಗೆ ಬೆರಳು ಮಡಿಸಿದಳು, ಗ್ಲೌಸಿನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಗುಂಡು ಹಾರಿದ ಮೇಲೆ, ಫೋನು ನಿಂತ ಮೇಲೆ, ಇನ್ನೂರು ಮುನ್ನೂರು ಚೀಟಿ ಹೋದ ಮೇಲೆ, ಅವನು ಒಂದು ಸ್ಟುಡಿಯೋಗೆ ಹೋಗಿ, ತಲೆ ಬಾಚಿ, ಕಾಲರ್ ಸರಿ ಮಾಡಿಕೊಂಡು ಕೂತು ನಕ್ಕಿದ್ದಾನೆ. ಸತ್ತಿರಲಿಲ್ಲ. ಜೈಲಿನಲ್ಲಿರಲಿಲ್ಲ. ಹೆಸರೂ ಮರೆತಿರಲಿಲ್ಲ, ಏಕೆಂದರೆ ಕೊನೆಯ ಸಾಲು ಈಗ ಏಳುತ್ತಿದೆ, ಕಡ್ಡಿ ಬೇಕಾಗಲಿಲ್ಲ, ಅದು ತಾನೇ ಎದ್ದಿತು, ಫಿಬ್ರೋನಿಯಾಗೆ ತೋರಿಸಬೇಡ.

ತೋರಿಸಲಿಲ್ಲ ಅತ್ತೆ, ಗುಟ್ಟಾಗಿ ಬಂದದ್ದನ್ನು ಹಳೆ ಪೆಟ್ಟಿಗೇಲಿ ಸಿಕ್ತು ಅಂದಳು. ಅಂಟು ಕಲಸಿದಳು, ಬೆನ್ನು ಒಳಗೆ ಮಾಡಿ ಅಂಟಿಸಿದಳು, ಕೀಳಬೇಡ ಎಂದಳು. ತೋರಿಸಿದ್ದರೆ ಫಿಬ್ರೋನಿಯಾ ಮಾರನೇ ದಿನವೇ ಅಲೆಕ್ಸಾಂಡ್ರಿಯಾದ ಅಣ್ಣನ ಮನೆಗೆ ಹೋಗುತ್ತಿದ್ದಳು, ಹೋಗಿದ್ದರೆ ಈ ಕಾಲು ತೊಳೆಯುವವರು ಯಾರು, ಅಷ್ಟೇ ವಿಷಯ, ತಾಯಿಯ ಕರುಳೂ ಅಲ್ಲ ಮಣ್ಣೂ ಅಲ್ಲ. ಪ್ರತಿ ಶನಿವಾರ, ಚೀಟಿ ಬರ್ದ್ಯೇನೆ, ನನ್ನ ಮಗನ ಹೆಸರು ಮರೀಬೇಡ್ವೇ, ಎಂದು ಗದ್ಗದ ದನಿ ತೆಗೆದು, ಇವಳು ಬರೆದು, ಮಡಿಸಿ — ಸಿಟ್ಟು ಬಂತು. ಬಂದದ್ದು ಲಬೀಬನ ಮೇಲಲ್ಲ, ವಿಚಿತ್ರ, ಅವನ ಮೇಲೆ ಏನೂ ಬರಲಿಲ್ಲ, ಬಸ್ಸಿನಲ್ಲಿ ಪಕ್ಕ ಕೂತು ಇಳಿದು ಹೋದವನ ಮೇಲೆ ಏನು ಬರುತ್ತದೆ, ಸಿಟ್ಟು ಬಂದದ್ದು ಆ ಬೆರಳ ಸಂದಿಗಳ ಮೇಲೆ, ಉಪ್ಪುನೀರಿನ ಮೇಲೆ. ಒಂದೇ ನೆಗೆತಕ್ಕೆ ಒಳಕೋಣೆಗೆ ಹೋಗಿ ಅಚ್ಚನ್ನು ಮುದುಕಿಯ ಮುಖಕ್ಕೆ ಹಿಡಿಯಬಹುದು, ಹಿಡಿದರೆ ಅವನು ಬದುಕಿದ್ದಾನೆ ಎಂದು ಊರಿಗೆಲ್ಲ ಸಾರಿದಂತೆ, ಬದುಕಿದ್ದರೆ ಅಬೂನಾ ಕೈ ಎತ್ತುತ್ತಾರೆ, ನಮ್ಮಲ್ಲಿ ಬದುಕಿರುವ ಗಂಡನಿಂದ ಬಿಡುಗಡೆ ಇಲ್ಲ ಮಗಳೆ, ನಾಶಿದ್ ಬಾಗಿಲಾಚೆಯೇ ಉಳಿಯುತ್ತಾನೆ, ಎಣ್ಣೆ ಕಾಲಿನಲ್ಲೇ. ಬಟ್ಟಲು ಮುಟ್ಟಿದರೆ ಬಿಸಿ. ಇನ್ನು ತಡೆಯುವುದಿಲ್ಲ.

ನನ್ನ ಮಗನದು ಆಯ್ತೇನೆ, ಎಂದಳು ಅತ್ತೆ ಒಳಗಿನಿಂದ, ನೀಲಿ ಮಂದವಾಗಿ ಹಾಕು, ನೀರು ನೀರು ಮಾಡ್ಬೇಡ. ಫಿಬ್ರೋನಿಯಾ ಬಲಗಡೆಯ ಬಟ್ಟಲನ್ನು ಎತ್ತಿ ಬಗ್ಗಿಸಿದಳು, ಬಿಳಿ ಹಗ್ಗದ ಹಾಗೆ ಇಳಿಯಿತು, ಅಮ್ಮನಿಗೆ ಮುಚ್ಚಿತು, ಹಬ್ಬ ಮುಚ್ಚಿತು, ಇಸವಿ ಮುಚ್ಚಿತು. ಬಿಳಿ ಹಾಕ್ದೆ ಅತ್ತೆ. ಕಿವಿ ಮಂದವಲ್ಲ ಅವಳಿಗೆ, ಬಿಳಿ ಹಾಕ್ದೆ ಅಂದೆ ಕೇಳಿಸ್ತಾ. ಈಗ ಎದ್ದು ಬೈಯಬೇಕು, ಚಪ್ಪಲಿ ಬರಬೇಕು, ಅಥವಾ ಒಂದು ಮಾತು, ಅವನು ಬದುಕಿದ್ದಾನೆ ಕಣೇ ಎಂಬ ಒಂದೇ ಮಾತು, ಹೇಳಲಿ, ಹೇಳಿದರೆ ಚಮಚದಿಂದ ಬಾಚಿ ತೆಗೆಯಬಹುದು, ಇನ್ನೂ ಐದು ನಿಮಿಷ ಅದು ಮೆತ್ತಗಿರುತ್ತದೆ, ಹೇಳಿದರೆ ತೆಗೆದುಬಿಡುತ್ತೇನೆ, ದೇವರಾಣೆ ತೆಗೆಯುತ್ತೇನೆ ಎಂದುಕೊಂಡು ಚಮಚ ಹಿಡಿದು ನಿಂತಳು. ಮಂಚ ಕಿರುಗುಟ್ಟಿತು. ನಿಂತಿತು. ಐದು ನಿಮಿಷವೂ ಹೋಯಿತು, ಇನ್ನೆರಡೂ ಹೋಯಿತು. ಆಮೇಲೆ ಅತ್ತೆಯ ದನಿ ಬಂತು, ಚಿಕ್ಕದಾಗಿ, ಯಾರದೋ ಮನೆಯ ಸಾವಿಗೆ ಹೋದಾಗ ಹೇಳುವ ದನಿ, ದೇವರು ಅವನ ಆತ್ಮಕ್ಕೆ ಶಾಂತಿ ಕೊಡಲಿ.

ಕೊಡಲಿ ಅಂದಳು ಫಿಬ್ರೋನಿಯಾ. ಚಮಚ ಕೆಳಗಿಟ್ಟಳು. ಬಿಳಿ ಮಟ್ಟವಾಗಿದೆ, ಒಂದು ಗುಳ್ಳೆಯೂ ಇಲ್ಲ, ಏನೂ ಕಾಣುವುದಿಲ್ಲ, ಏನೂ ಇಲ್ಲ ಅಲ್ಲಿ, ಬಿಳಿ, ಬಿಳಿಯ ಕೆಳಗೆ ತಿಳಿ, ತಿಳಿಯ ಕೆಳಗೆ ಒತ್ತಿ ಒತ್ತಿ ಬರೆದ ನೀಲಿ, ಫಿಬ್ರೋನಿಯಾಗೆ ತೋರಿಸಬೇಡ, ಫಿಬ್ರೋನಿಯಾಗೆ ತೋರಿಸಬೇಡ —