ಘಾಟಿ ಹತ್ತುವ ಗಾಡಿಗೆ ಹೊಸ ಟಯರು

ನಾಳೆ ಬೆಳಿಗ್ಗೆ ಹೊರಡುವವಳ ಚೀಲಕ್ಕೆ ಮನೆಮಂದಿಯೆಲ್ಲ ಕೈ ಹಾಕಿದರೆ ಏನಾಗಬೇಕೋ ಅದೇ ಆಗಿತ್ತು. ತಬಸ್ಸುಮ್ ಸ್ಕೂಲಿನಿಂದ ಮನೆಗೆ ಬಂದಾಗ, ಅವಳು ತೂಗಿ ತೂಗಿ ಜೋಡಿಸಿಟ್ಟಿದ್ದ ಬೆನ್ನುಚೀಲ ತುಂಬುಬಸುರಿಯ ಹಾಗೆ ಉಬ್ಬಿಕೊಂಡು ಪಡಸಾಲೆಯ ಗೋಡೆಗೆ ಒರಗಿತ್ತು. ಒಳಗೆ ಉಪ್ಪಿನಕಾಯಿ ಡಬ್ಬಿ, ಶೇಂಗಾ ಚಟ್ನಿಪುಡಿ, ರೊಟ್ಟಿಯ ಗಂಟು, ಎಲ್ಲದರ ಮೇಲೆ ಚಳ್ಳಕೆರೆಯ ಒಂದು ಕರಿ ಕಂಬಳಿ.

"ಅಮ್ಮಿ, ಇದನ್ನೆಲ್ಲ ಹೊತ್ಕಂಡು ಗುಡ್ಡ ಹತ್ತೋಳು ನಾನು, ನೀವಲ್ಲ." ಕಂಬಳಿಯನ್ನು ಎಳೆದು ಚಾಪೆಯ ಮೇಲೆ ಎಸೆದಳು. "ಇದು ಒಂದ್ಸಲ ನೆಂದ್ರೆ ಕುರಿ ಹೊತ್ತಂಗಾಗ್ತೈತೆ."

"ಚಳೀಲಿ ನಡುಗುವಾಗ ನೆನಪಾಗ್ತೈತೆ ಬಿಡು," ಎಂದಳು ತಾಯಿ ನೂರ್ ಬೀ. ಕಂಬಳಿಯನ್ನು ನೀಟಾಗಿ ಮಡಿಸಿ ಮತ್ತೆ ಚೀಲದ ಪಕ್ಕಕ್ಕೇ ಇಟ್ಟಳು.

ತಬಸ್ಸುಮ್ ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಹೊರಗೆ ಸುರಿದಳು. ತಳಕ್ಕೆ ಸ್ಲೀಪಿಂಗ್ ಬ್ಯಾಗು, ಬೆನ್ನಿಗೆ ತಾಗುವ ಕಡೆ ಭಾರದ ಸಾಮಾನು, ತಟ್ಟನೆ ಕೈಗೆ ಸಿಗುವಂತೆ ಮೇಲುಗಡೆ ರೇನ್‌ಕೋಟು, ಗ್ಲೌಸು. ಅವಳು ಮೊಳಕಾಲ್ಮೂರಿನ ಒಂದು ಪ್ರೈವೇಟ್ ಸ್ಕೂಲಿನ ಪಿ.ಟಿ. ಟೀಚರು. ಹೋಗುತ್ತಿದ್ದದ್ದು ಹಿಮಾಚಲಕ್ಕೆ, ಹಿಮ ಮುಚ್ಚಿದ ಒಂದು ಕಣಿವೆದಾರಿಯನ್ನು ದಾಟುವುದಕ್ಕೆ. ಇದು ಎರಡನೇ ಸಲ. ಹೋದ ವರ್ಷ ಹೊಚ್ಚಹೊಸ ಬೂಟು ಹಾಕಿಕೊಂಡು ಹೋಗಿ, ಎರಡನೇ ದಿನಕ್ಕೇ ಹಿಮ್ಮಡಿಯ ಚರ್ಮ ಸುಲಿದು ಮಾಂಸ ಕಾಣಿಸಿತ್ತು. ತಂಡದ ಮುಖ್ಯಸ್ಥ ಅವಳನ್ನು ಕುದುರೆಯ ಮೇಲೆ ಕೂರಿಸಿ ಕೆಳಗೆ ಕಳಿಸಿಬಿಟ್ಟಿದ್ದ. ಊರಿಗೆ ಕುಂಟಿಕೊಂಡು ಬಂದವಳನ್ನು ನೋಡಿ ನಕ್ಕವರ ಹೆಸರು ಅವಳಿಗೆ ಒಂದೂ ಮರೆತಿಲ್ಲ. ಮೊದಲ ಹೆಸರು ಸ್ವಂತ ಅಣ್ಣ ಇಫ್ತಿಕಾರನದೇ.

ಈ ಸಲ ಮುಖ್ಯಸ್ಥ ಫೋನಿನಲ್ಲೇ ಹೇಳಿದ್ದ: ಇನ್ನೊಂದು ಅವಕಾಶ ಕೊಡುತ್ತೇನೆ, ಮತ್ತೆ ಕಾಲು ಕೆಟ್ಟರೆ ಮುಂದೆಂದೂ ಕರೆಯುವುದಿಲ್ಲ. ಅದಕ್ಕೇ ಅವಳು ತನ್ನನ್ನು ಕಚ್ಚಿದ ಅದೇ ಬೂಟನ್ನು ವರ್ಷವಿಡೀ ಪಳಗಿಸಿದ್ದಳು. ಭಾನುವಾರ ಬಂತೆಂದರೆ ಪಕ್ಕದ ಸಿದ್ದಾಪುರದ ಬಂಡೆಗಳು, ಬಿಸಿಲು, ಮುಳ್ಳು, ಬೆನ್ನಿಗೆ ಮರಳಿನ ಚೀಲ. ಬಣ್ಣ ಹೋಗಿ ಮೂತಿ ಸುಕ್ಕಾಗಿ, ಕೊನೆಗೂ ಆ ಬೂಟು ಅವಳ ಕಾಲಿನ ಮಾತು ಕೇಳತೊಡಗಿತ್ತು.

ಚೀಲ ಕಟ್ಟಿ ಮುಗಿಸಿ ಬಾಗಿಲ ಮೂಲೆಗೆ ನೋಡಿದಳು. ಬೂಟು ಇರಲಿಲ್ಲ. ಆ ಜಾಗದಲ್ಲಿ ಒಂದು ಡಬ್ಬಿ. ಡಬ್ಬಿಯೊಳಗೆ ಫಳಫಳ ಹೊಳೆಯುವ ಹೊಸ ಜೊತೆ.

"ಹೆಂಗೈತೆ?" ಅಪ್ಪ ಬುಡೇನ್ ಸಾಬ್ ಗ್ರೀಸು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸುತ್ತ ಒಳಗೆ ಬಂದರು. ಬಸ್‌ಸ್ಟ್ಯಾಂಡಿನ ಹತ್ತಿರ ಅವರ ಲಾರಿ ಗ್ಯಾರೇಜು. "ಪಾರ್ಟ್ಸ್ ತರೋಕೆ ಚಳ್ಳಕೆರೆಗೆ ಹೋಗಿದ್ನಲ್ಲ, ತಂದೆ. ನಿನ್ನ ಸೈಜೇ."

"ನಂದೆಲ್ಲಿ ಅಬ್ಬಾ?"

"ಅದೊಂದು ಬೂಟಾ? ಅಡಿ ನೋಡಿದೀಯಾ? ಘಾಟಿ ಹತ್ತೋ ಗಾಡಿಗೆ ಸವೆದ ಟಯರ್ ಹಾಕಿ ಕಳಿಸ್ತಾರೇನೆ ಯಾರಾದ್ರೂ?"

"ನಂದೆಲ್ಲಿ ಅಂತ ಕೇಳಿದೆ."

"ಸದಖಾ ಕೊಟ್ಟೆ. ಮಂಜಮ್ಮಂಗೆ. ನೀನು ಕ್ಷೇಮವಾಗಿ ಹೋಗಿ ಬರ್ಲಿ ಅಂತ ನಿನ್ನ ಹೆಸರು ಹೇಳಿ ಕೊಟ್ಟೆ."

ಪ್ರಯಾಣಕ್ಕೆ ಹೊರಟವರ ಹೆಸರಿನಲ್ಲಿ ಇಲ್ಲದವರಿಗೆ ಏನಾದರೂ ದಾನ ಕೊಟ್ಟರೆ ದಾರಿಯ ಕೇಡು ತಪ್ಪುತ್ತದೆಂಬುದು ಆ ಮನೆಯ ನಂಬಿಕೆ. ತಬಸ್ಸುಮ್ ಕೂಡ ನಂಬುವವಳೇ. ಆದರೆ ಈಗ ಅವಳ ಮೈಯೆಲ್ಲ ಉರಿದುಹೋಯಿತು. ಹೊಸ ಬೂಟಿನ ಡಬ್ಬಿಯನ್ನು ಕಾಲಲ್ಲಿ ಒದ್ದಳು. ಅದು ಅಡುಗೆಮನೆಯ ಹೊಸ್ತಿಲವರೆಗೂ ಉರುಳಿತು.

"ಹೊಸಾದು ಹಾಕ್ಕಂಡು ಹೋಗಿದ್ದಕ್ಕೇ ಅಲ್ವಾ ಹೋದ ವರ್ಷ ನನ್ನ ಕಾಲು ಸುಲಿದಿದ್ದು! ಎಷ್ಟು ಸಲ ಹೇಳಿದೆ! ಈ ಮನೇಲಿ ನನ್ನ ಮಾತು ಯಾರ ಕಿವಿಗಾದ್ರೂ ಬೀಳ್ತೈತಾ? ಕಾಲು ಏನು ಟಯರಾ ಅಬ್ಬಾ, ಬಿಚ್ಚಿ ಬೇರೆ ಹಾಕೋಕೆ?"

"ಲೇ ತಬಸ್ಸುಮ್!" ಬುಡೇನ್ ಸಾಬರ ಮನೆಮಾತು ಉರ್ದು. ಆದರೆ ಸಿಟ್ಟು ಬಂದರೆ ಅವರ ಬಾಯಲ್ಲಿ ಬರುವುದು ಗ್ಯಾರೇಜಿನ ಕನ್ನಡ, ಮಗಳದೂ ಹಾಗೇ. "ಊರವರ ಬಾಯೆಲ್ಲ ಮುಚ್ಚಿಸಿ ಕಳಿಸ್ತಾ ಇರೋನು ನಾನು. ನನ್ನ ಎದುರಿಗೆ ಕಾಲು ಆಡಿಸ್ತೀಯಾ?"

ತಬಸ್ಸುಮ್ ಡಬ್ಬಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಅವಳು ಎಲ್ಲಿಗೆ ಹೊರಟಳೆಂದು ಅಪ್ಪನಿಗೆ ತಿಳಿಯಿತು.

"ಕೊಟ್ಟ ಸದಖಾ ವಾಪಸ್ ಕೇಳಬಾರ್ದು! ಕೇಡಾಗ್ತೈತೆ!" ಎಂದು ಬೀದಿಯವರೆಗೂ ಬಂದು ಕೂಗಿದರು.

ಮಂಜಮ್ಮ ಬಸ್‌ಸ್ಟ್ಯಾಂಡಿನ ಟೀ ಹೋಟ್ಲಿನಲ್ಲಿ ಗ್ಲಾಸು ತೊಳೆಯುವವಳು. ಹಿತ್ತಲಲ್ಲಿ ನಿಂತ ನೀರಲ್ಲೇ ದಿನವಿಡೀ ಇದ್ದು ಅವಳ ಕಾಲ್ಬೆರಳ ಸಂದಿಗಳೆಲ್ಲ ಕೊಳೆತಿದ್ದವು. ಈಗ ಆ ನೀರಲ್ಲಿ ಬೂಟು ಹಾಕಿಕೊಂಡು, ಸೀರೆ ಎತ್ತಿ ಸಿಕ್ಕಿಸಿ, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು.

"ಮಂಜಮ್ಮಾ, ಆ ಬೂಟು ನಂಗೆ ಬೇಕು. ಅಬ್ಬಾ ತಿಳೀದೇ ಕೊಟ್ಟಿದಾರೆ. ಇಕಳ್ರಿ, ಇದು ಹೊಸದು, ನೀವು ಇಟ್ಕಳ್ರಿ."

ಮಂಜಮ್ಮ ತಿರುಗಿದಳು. ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಗ್ಲಾಸನ್ನು ಕುಕ್ಕಿದಳು.

"ನಾನೇನ್ ಕೇಳಿದ್ನಾ ನಿಮ್ಮಪ್ಪನ್ನ? ಸಾಬ್ರೇ ಕರೆದು ಕೊಟ್ರು, ಇಸ್ಕಂಡೆ. ಈಗ ನಡುವೀದೀಲಿ ಕಾಲಿಂದ ಬಿಚ್ಚಿಸ್ಕಂತೀಯಾ?"

"ಬದ್ಲಿಗೆ ಹೊಸದೇ ಕೊಡ್ತಾ ಇದೀನಲ್ರಿ!"

"ಬದ್ಲಿ ಮಾಡೋಕೆ ನಾನೇನ್ ಅಂಗಡಿ ಇಟ್ಟಿದೀನಾ? ನಿಂದೂ ಬ್ಯಾಡ, ನಿಮ್ಮಪ್ಪಂದೂ ಬ್ಯಾಡ." ಟೀ ಕುಡಿಯುತ್ತಿದ್ದವರೆಲ್ಲ ಹಿತ್ತಲಿಗೆ ಇಣುಕುತ್ತಿದ್ದಂತೆಯೇ ಅವಳು ಕಲ್ಲಿನ ಮೇಲೆ ಕೂತು ಲೇಸು ಕಿತ್ತಳು. ಒಂದೊಂದೇ ಬೂಟನ್ನು ತಬಸ್ಸುಮಳ ಕಾಲ ಬಳಿಗೆ ಎಸೆದಳು. "ತಗಂಡ್ ಹೋಗವ್ವ. ಗುಡ್ಡ ಹತ್ತಿ ದೊಡ್ಡೋಳಾಗು."

ಬಗ್ಗಿ ಎತ್ತಿಕೊಳ್ಳುವಾಗ ತಬಸ್ಸುಮಳ ಮುಖ ಸುಟ್ಟುಹೋಯಿತು. ನಾಚಿಕೆ ಆಯಿತು, ನಿಜ. ಆದರೆ ನಾಚಿಕೆಗಿಂತ ಸಿಟ್ಟೇ ಹೆಚ್ಚಿತ್ತು. ಅಪ್ಪನ ಮೇಲೆ, ನಗುತ್ತಿದ್ದ ಗಿರಾಕಿಗಳ ಮೇಲೆ, ಹೊಸದನ್ನು ಕಣ್ಣೆತ್ತಿಯೂ ನೋಡದ ಮಂಜಮ್ಮನ ಮೇಲೆ. ಎರಡು ಜೊತೆಯನ್ನೂ ಹೊತ್ತುಕೊಂಡು ಮನೆಗೆ ಬಂದಳು. ಒದ್ದೆ ಬೂಟಿನೊಳಗೆ ಹಳೇ ಪೇಪರು ತುರುಕಿ ಒಲೆಯ ಹತ್ತಿರ ಇಟ್ಟಳು.

ಬುಡೇನ್ ಸಾಬ್ ಅದನ್ನು ನೋಡಿದರು. ಊಟಕ್ಕೆ ಕೂತವರು ಎದ್ದುಬಿಟ್ಟರು.

"ನೂರ್ ಬೀ, ನಿನ್ನ ಮಗಳಿಗೆ ಹೇಳು. ಆಕೆ ಕೈಗೆ ನಾನು ಇಮಾಮ್ ಜಾಮಿನ್ ಕಟ್ಟಲ್ಲ. ಕಾಯೋನ ಹೆಸರಲ್ಲಿ ಕೊಟ್ಟಿದ್ದನ್ನೇ ಕಿತ್ಕಂಡು ಬಂದೋಳಿಗೆ ಏನಂತ ಕಟ್ಲಿ?"

ಆ ಮನೆಯಿಂದ ಯಾರು ದೂರ ಹೊರಟರೂ, ಒಂದು ನಾಣ್ಯವನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ಬಲತೋಳಿಗೆ ಕಟ್ಟಿ ಕಳಿಸುವುದು ಅಪ್ಪನ ಕೆಲಸ. ಹೋದ ವರ್ಷವೂ ಕಟ್ಟಿದ್ದರು. "ಬ್ಯಾಡ ಬಿಡ್ರಿ," ಎಂದಳು ತಬಸ್ಸುಮ್, ಗೋಡೆಗೆ ಹೇಳುವವಳ ಹಾಗೆ.

ಬೆಳಿಗ್ಗೆ ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. ಇರಲಿ, ಎಂದುಕೊಂಡಳು. ಕಾಲಿಗೆ ಹಳೇ ಬೂಟು ಏರಿಸಿದಳು. ಒಳಗೆ ಇನ್ನೂ ಸ್ವಲ್ಪ ತೇವವಿತ್ತು, ಆದರೆ ಹಿಮ್ಮಡಿ ತನ್ನ ಜಾಗ ಹುಡುಕಿಕೊಂಡು ಕೂತಿತು. ಇಫ್ತಿಕಾರ್ ಚೀಲ ಹೊತ್ತು ತಂದು ಬಸ್ಸಿಗೆ ಹಾಕಿದ. ಇವತ್ತು ಅವನೂ ತಮಾಷೆ ಮಾಡಲಿಲ್ಲ.

ಕಂಡಕ್ಟರು ಸೀಟಿ ಊದುವ ಹೊತ್ತಿಗೆ ಕಿಟಕಿಯ ಕೆಳಗೆ ಯಾರೋ ತಗಡನ್ನು ಬಡಿದರು. ಅಪ್ಪ.

"ಕೈ ಕೊಡು," ಎಂದರು ಗಡುಸಾಗಿ.

ಅವಳು ಬಲಗೈ ಹೊರಗೆ ಚಾಚಿದಳು. ಬುಡೇನ್ ಸಾಬ್ ತುದಿಗಾಲಲ್ಲಿ ನಿಂತು, ನಟ್ಟು ಬಿಗಿಯುವ ಹಾಗೆ ಹಸಿರು ಬಟ್ಟೆಯನ್ನು ಬಿಗಿದು ಗಂಟು ಹಾಕಿದರು. ಆಗ ಅವಳಿಗೆ ಅವರ ಕಾಲು ಕಂಡಿತು. ಬಿರುಕುಬಿಟ್ಟ, ಎಣ್ಣೆ ಕುಡಿದು ಕಪ್ಪಾದ ಬರಿಗಾಲು.

"ಚಪ್ಲಿ ಎಲ್ಲಿ ಅಬ್ಬಾ?"

"ಕೊಟ್ಟೆ. ಸದಖಾ ಇಲ್ದೇ ಮಗಳನ್ನ ಕಳಿಸ್ಲಾ? ಸವೆದಿದ್ದೇ ಒಳ್ಳೇದು ಅಂತ ನೀನೇ ಕೂಗಾಡಿದ್ಯಲ್ಲ. ಆ ಮಂಜಮ್ಮ ಬ್ಯಾಡ ಬ್ಯಾಡ ಅಂತ ಎಷ್ಟು ಬೈದ್ಲು ಗೊತ್ತಾ ನಂಗೆ? ಕೈ ಮುಗಿದು ಕೊಟ್ಟು ಬಂದೀನಿ." ಅವರ ದನಿ ಏರಿತು. "ಹೋಗು, ಅದನ್ನೂ ಬಿಚ್ಚಿಸ್ಕಂಡು ಬಾ!"

ಎದುರಿನ ಹೋಟ್ಲ ಮುಂದೆ ಮಂಜಮ್ಮ ನೀರು ಚೆಲ್ಲುತ್ತಿದ್ದಳು. ಅವಳ ಪಾದಕ್ಕಿಂತ ಎಷ್ಟೋ ದೊಡ್ಡದಾದ ಚಪ್ಪಲಿ ಹೆಜ್ಜೆಗೊಮ್ಮೆ ಪಟಾರೆನ್ನುತ್ತಿತ್ತು. ತಬಸ್ಸುಮಳನ್ನು ನೋಡಿದ್ದೇ ಮುಖ ತಿರುಗಿಸಿಕೊಂಡಳು.

ಬಸ್ಸು ಹೊರಟಿತು. ಏನಾದರೂ ಹೇಳಬೇಕೆಂದು ತಬಸ್ಸುಮ್ ಬಾಯಿ ತೆರೆದಳು. ಬಂದದ್ದು ಬೈಗುಳವೇ: "ಮೊದ್ಲು ಹೋಗಿ ಕಾಲಿಗೇನಾದ್ರೂ ಹಾಕ್ಕಳ್ರಿ ಅಬ್ಬಾ!" ಅವರು ಕೇಳಿಸಿಕೊಳ್ಳಲಿಲ್ಲ. ಇಫ್ತಿಕಾರನ ಹೆಗಲು ಹಿಡಿದು, ಒಂದು ಕಾಲು ಎತ್ತಿಕೊಂಡು, ಅಂಗಾಲಿಗೆ ಚುಚ್ಚಿದ ಜಲ್ಲಿಕಲ್ಲನ್ನು ಕಿತ್ತು ಹಾಕುತ್ತಿದ್ದರು.

ಸಿಟ್ಟು ಇನ್ನೂ ಇಳಿದಿರಲಿಲ್ಲ. ಯಾರ ಮೇಲೆ ಎಂಬುದು ಮಾತ್ರ ಅವಳಿಗೆ ಈಗ ಸರಿಯಾಗಿ ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡು, ಬಗ್ಗಿ, ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದಳು. ಈ ಸಲ ಅರ್ಧದಾರಿಯಿಂದ ವಾಪಸ್ ಕಳಿಸಲಿ, ನೋಡೋಣ, ಯಾರಾದರೂ.