ಬೀರುವಿನಲ್ಲಿ ಬೆಳೆದ ಸಸಿ

ಬೀರುವಿನ ಕತ್ತಲಲ್ಲಿಟ್ಟ ಹುರುಳಿಕಾಯಿ ಸಸಿ, ಕಿಟಕಿಯ ಬಳಿ ಬಿಸಿಲಿಗಿಟ್ಟ ಸಸಿಗಿಂತ ಎತ್ತರ ಬೆಳೆಯಿತು. ಅದು ಬೆಳೆಯುವುದೇ ಹಾಗೆ. ಬೆಳಕು ಹುಡುಕಿಕೊಂಡು ಬಿಳಿಚಿ, ಸೊರಗಿ, ಉದ್ದುದ್ದ ಹೋಗುತ್ತದೆ. ನನ್ನ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ತಲೆ ಕೆಟ್ಟುಹೋಯಿತು. ಗಿಡ ಬೆಳೆಯಲು ಬೆಳಕು ಬೇಕು ಎಂದು ಪುಸ್ತಕದಲ್ಲಿದೆಯಲ್ಲ! ಮಾತುಮಾತಿಗೂ ವಾದ ಹೂಡುತ್ತಾಳೆಂದು ಎಲ್ಲರೂ ಲಾಯರಮ್ಮ ಎನ್ನುವ ಹುಡುಗಿಯಂತೂ ಊಟದ ಹೊತ್ತಿನಲ್ಲೂ ಬೀರು ಬಿಟ್ಟು ಕದಲಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷ. ಇಷ್ಟು ವರ್ಷ ಗಿಣಿಪಾಠ ಒಪ್ಪಿಸಿಕೊಂಡು ಸಾಕಾಗಿತ್ತು.

ಆ ಸಂತೋಷಕ್ಕೆ ಕಲ್ಲು ಹಾಕಿದವರು ನಮ್ಮ ಹೆಡ್‌ಮಿಸ್. ಮಕ್ಕಳೇ ಮಾಡಿ ನೋಡಿ ಕಲಿಯುವ ಈ ಪಿರಿಯಡ್ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ಅಧಿಕಾರಿ ಬರುವವರಿದ್ದರು. ಆ ದಿನ ಬೆಳಿಗ್ಗೆ ನೋಡುತ್ತೇನೆ, ಕುಂಡಗಳ ಚೀಟಿ ಅದಲುಬದಲು! ಉದ್ದದ್ದಕ್ಕೆ 'ಬೆಳಕು', ಗಿಡ್ಡದ್ದಕ್ಕೆ 'ಕತ್ತಲೆ'.

"ಏನು ಮೇಡಂ ಇದು?"

"ನಿಮ್ಮ ಪ್ರಯೋಗ ಉಲ್ಟಾ ಬಂದಿತ್ತು ಕಣ್ರೀ. ಸರಿ ಮಾಡಿದೀನಿ. ಒಂದು ಥ್ಯಾಂಕ್ಸ್ ಆದ್ರೂ ಹೇಳಿ."

"ಉಲ್ಟಾ ಅಲ್ಲ ಮೇಡಂ, ಅದು..."

"ಪಿರಿಯಡ್ ಬೇಕೋ, ಬೇಡ್ವೋ?"

ಬೇಕಿತ್ತು. ಮೈಯೆಲ್ಲ ಉರಿಯುತ್ತಿದ್ದರೂ ಚೀಟಿಗೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡೆ. ಅಷ್ಟರಲ್ಲಿ ಅಧಿಕಾರಿ ಒಳಗೆ ಬಂದರು. ಬಿಳಿಚಿಕೊಂಡು ಕುಂಡದ ಅಂಚಿಗೆ ಜೋತುಬಿದ್ದ ಉದ್ದ ಸಸಿಯನ್ನೂ, ಹಸಿರಾಗಿ ನೆಟ್ಟಗೆ ನಿಂತ ಗಿಡ್ಡ ಸಸಿಯನ್ನೂ ಕಣ್ಣಾರೆ ಕಂಡರು. ಕಂಡು ಏನು ಬಂತು? ಚೀಟಿ ಓದಿ ತಲೆಯಾಡಿಸಿದರು. ಆ ಮನುಷ್ಯನನ್ನು ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

"ಯಾವುದು ಎತ್ತರ ಬೆಳೀತು ಪುಟ್ಟಿ?" ಎಂದು ಅವರು ಲಾಯರಮ್ಮನನ್ನೇ ಕೇಳಬೇಕೆ!

ಅವಳು ಚೀಟಿ ನೋಡಿದಳು, ಸಸಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ಬೆಳಕಲ್ಲಿಟ್ಟಿದ್ದು ಸರ್."

"ಭೇಷ್! ಮಕ್ಕಳು ತಾವೇ ಕಂಡು ಕಲಿಯೋದು ಅಂದ್ರೆ ಇದು. ಇನ್ಮೇಲೆ ವಾರಕ್ಕೆ ಎರಡು ಪಿರಿಯಡ್ ಇಟ್ಕೊಳ್ಳಿ."

ಹೆಡ್‌ಮಿಸ್ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಅವರಿಬ್ಬರೂ ಆಚೆ ಹೋದದ್ದೇ ತಡ, ಎರಡೂ ಚೀಟಿ ಕಿತ್ತೆಸೆದು ಲಾಯರಮ್ಮನನ್ನು ಕರೆದೆ. ಬೆಳಗಿನಿಂದ ಕಟ್ಟಿಟ್ಟುಕೊಂಡ ಸಿಟ್ಟೆಲ್ಲ ಆ ಮಗುವಿನ ಮೇಲೆ ತಿರುಗಿತು.

"ಎಲ್ಲದಕ್ಕೂ ಜಗಳಕ್ಕೆ ನಿಲ್ತೀಯ. ಕಣ್ಣಾರೆ ನೋಡಿದ್ದನ್ನ ಹೇಳೋಕೆ ಏನಾಗಿತ್ತೇ ನಿಂಗೆ?"

ಅವಳು ತಲೆ ತಗ್ಗಿಸಿಕೊಂಡು, "ನೀವೂ ನೋಡಿದ್ರಲ್ಲ ಮಿಸ್," ಎಂದಳು.